ಕ್ರಿಸ್ಮಸ್ ನಮಗೆ ಹಬ್ಬವೋ, ಇನ್ನೊಂದು ಶಿಫ್ಟೋ?



ನಮ್ಮ ಯುವಜನರ ಗುಂಪಿನ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇದೆ. ನೀಲಿ ರಟ್ಟು, ಮೂಲೆಗಳಲ್ಲಿ ಮೇಣದ ಕಲೆ. ವರ್ಷದ ಹನ್ನೊಂದು ತಿಂಗಳು ಅದು ಚರ್ಚಿನ ಒಳಕೋಣೆಯ ಬೀರುವಿನಲ್ಲಿ ಹಳೆಯ ಹಾಡಿನ ಪುಸ್ತಕಗಳ ಕೆಳಗೆ ಮಲಗಿರುತ್ತದೆ. ಡಿಸೆಂಬರ್ ಬಂತೆಂದರೆ ಎದ್ದು ನಮ್ಮೆಲ್ಲರನ್ನೂ ಆಳಲು ಶುರು ಮಾಡುತ್ತದೆ. ಪುಟಕ್ಕೆ ನಾಲ್ಕು ಕಾಲಂ: ಮನೆ, ದಿನ, ಹೋದ ಹೊತ್ತು, ಕೊಟ್ಟ ಹಣ. ಇದು ನಮ್ಮ ಕ್ಯಾರಲ್ ನೋಟ್‌ಬುಕ್. ನಮಗಿಂತ ಮುಂಚಿನ ಅಣ್ಣಂದಿರು ಶುರು ಮಾಡಿದ್ದು, ನಾವು ಪ್ರಶ್ನೆ ಕೇಳದೆ ಮುಂದುವರಿಸಿದ್ದು.

ಆಗಮನ ಕಾಲದ ಮೊದಲ ಭಾನುವಾರ ಪೂಜೆ ಮುಗಿದ ಮೇಲೆ ಎಲ್ಲರೂ ಚರ್ಚಿನ ಹಿಂದಿನ ಹುಣಸೆಮರದ ಕೆಳಗೆ ಸೇರುತ್ತೇವೆ. ಗೋದಲಿ ಯಾರ ಜವಾಬ್ದಾರಿ, ನಕ್ಷತ್ರ ಯಾರದ್ದು, ಸೀರಿಯಲ್ ಸೆಟ್ ಯಾರು ತರುತ್ತಾರೆ, ಡೋಲು ಯಾರು ಹೊರುತ್ತಾರೆ, ಕ್ರಿಸ್ಮಸ್ ತಾತನ ಉಡುಪು ಈ ಸಲ ಯಾರ ತಲೆಗೆ (ಅದನ್ನು ಒಗೆದು ಎಷ್ಟು ವರ್ಷವಾಯಿತು ಅಂತ ಮಾತ್ರ ಯಾರೂ ಕೇಳುವುದಿಲ್ಲ), ಮಕ್ಕಳ ನಾಟಕ ಯಾರು ಕಲಿಸುತ್ತಾರೆ, ಕೇಕಿಗೆ ಎಷ್ಟು, ಸೌಂಡಿಗೆ ಎಷ್ಟು. ಮನೆಗಳಲ್ಲೂ ಇದೇ ಕಥೆ. ಸುಣ್ಣ ಆಗಬೇಕು, ಹೊಸ ಬಟ್ಟೆ ಆಗಬೇಕು, ಕಜ್ಜಾಯ, ಕಲ್ಕಲ, ಅಚ್ಚು ಮುರುಕು ಆಗಬೇಕು, ಅಕ್ಕಪಕ್ಕದ ಹಿಂದೂ ಮನೆಗಳಿಗೆ ತಟ್ಟೆ ಹೋಗಬೇಕು, ಬೀಗರ ಮನೆಗೆ ಎರಡು ತಟ್ಟೆ ಹೋಗಬೇಕು. ಪಾಪನಿವೇದನೆಗೂ ಒಂದು ಸಾಲು. 24ನೇ ತಾರೀಖಿನ ಹೊತ್ತಿಗೆ ನಮ್ಮ ಅಮ್ಮಂದಿರು ಪೂಜೆಯಲ್ಲಿ ನಿಂತೇ ತೂಕಡಿಸುವುದನ್ನು ನಾವೆಲ್ಲ ನೋಡಿದ್ದೇವೆ.

ನಮ್ಮಲ್ಲಿ ಅರ್ಧಕ್ಕರ್ಧ ಜನ ಹೊಸೂರಿನ ಸಿಪ್ಕಾಟ್ ಕಡೆಯ ಕಾರ್ಖಾನೆಗಳಿಗೆ ಹೋಗುವವರು. ಬೆಳಗಿನ ಶಿಫ್ಟಾದರೆ ಕತ್ತಲಲ್ಲೇ ಕಂಪನಿ ಬಸ್ಸಿಗೆ ಕಾಯಬೇಕು, ರಾತ್ರಿ ಶಿಫ್ಟಾದರೆ ಬೆಳಗಾದ ಮೇಲೆ ಮನೆ. ಅಂಥ ಒಬ್ಬ ಅಕ್ಕ ಮೂರು ವರ್ಷದ ಹಿಂದೆ ಹುಣಸೆಮರದ ಕೆಳಗೆ ಹೇಳಿದ ಮಾತು ನಮ್ಮ ಗುಂಪಿನಲ್ಲಿ ಗಾದೆಯ ಹಾಗೆ ಉಳಿದುಬಿಟ್ಟಿದೆ. "ಅಲ್ಲೂ ಪಂಚ್ ಮಾಡ್ಬೇಕು, ಇಲ್ಲೂ ಪಂಚ್ ಮಾಡ್ಬೇಕು. ಇದೂ ಒಂದು ಶಿಫ್ಟೇ ಬಿಡ್ರೋ." ನಾವೆಲ್ಲ ನಕ್ಕೆವು. ಅವಳು ನಗಲಿಲ್ಲ. ಆ ವರ್ಷ ಅವಳು ಕ್ಯಾರಲ್‌ಗೆ ಬರಲೂ ಇಲ್ಲ. ಬರದಿದ್ದವರ ಹೆಸರಿನ ಮುಂದೆ ಕೆಂಪು ಗುರುತು ಹಾಕುವ ಪದ್ಧತಿ ಇತ್ತು. ಹಾಕಿದೆವು.

ಈಗ ನಮ್ಮ ಊರಿನ ವಿಷಯ ಸ್ವಲ್ಪ ಹೇಳಬೇಕು. ಬೇರೆ ಕಡೆ ಕೂತು ಓದುವವರಿಗೆ ನಮ್ಮ ಡಿಸೆಂಬರ್ ಹೇಗಿರುತ್ತದೆ ಅಂತ ಗೊತ್ತಾಗಬೇಕಲ್ಲ. ಜವಳಗಿರಿ ಇರುವುದು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿ. ಒಂದು ಕಡೆ ತಳಿ, ಇನ್ನೊಂದು ಕಡೆ ಕಾಡು, ಕಾಡಿನಾಚೆ ಕರ್ನಾಟಕ. ನಮ್ಮ ಮನೆಮಾತು ಕನ್ನಡ. ಶಾಲೆ ತಮಿಳು, ಸಂತೆಯಲ್ಲಿ ತೆಲುಗೂ ನಡೆಯುತ್ತದೆ. ಪೂಜೆ ಹೆಚ್ಚಾಗಿ ತಮಿಳಿನಲ್ಲಿ, ಏಕೆಂದರೆ ನಾವು ಧರ್ಮಪುರಿ ಧರ್ಮಕ್ಷೇತ್ರಕ್ಕೆ ಸೇರಿದವರು. ಸೇಲಂ ಧರ್ಮಕ್ಷೇತ್ರದಿಂದ ಅದು ಬೇರೆಯಾದದ್ದು 1997ರಲ್ಲಿ. ಪ್ರಾರ್ಥನೆ ಒಂದು ಭಾಷೆಯಲ್ಲಿ, ಜಗಳ ಒಂದು ಭಾಷೆಯಲ್ಲಿ ಅಂತ ನಮ್ಮನ್ನು ನಾವೇ ಆಡಿಕೊಳ್ಳುತ್ತೇವೆ. ಕ್ಯಾರಲ್‌ಗೆ ಮೂರು ತಮಿಳು ಹಾಡು, ಒಂದು ಇಂಗ್ಲಿಷ್ ಹಾಡು. ಕನ್ನಡದ್ದು ಒಂದೂ ಇರಲಿಲ್ಲ. ಯಾಕೆ ಅಂತ ಯಾರೂ ಕೇಳಿರಲಿಲ್ಲ.

ಡಿಸೆಂಬರ್ ಅಂದರೆ ರಾಗಿ ಕೊಯ್ಲಿನ ತಿಂಗಳು. ಕೊಯ್ದದ್ದು ಹೊಲದಲ್ಲೇ ಒಣಗುತ್ತಿರುತ್ತದೆ, ಇಲ್ಲವೇ ಮೆದೆಯಾಗಿ ನಿಂತಿರುತ್ತದೆ. ಟಾರು ರಸ್ತೆಯ ಮೇಲೆ ತೆನೆ ಹರಡಿ ಬಸ್ಸು ಲಾರಿಗಳಿಂದಲೇ ಒಕ್ಕಿಸಿಕೊಳ್ಳುವವರೂ ಇದ್ದಾರೆ. ಇದೇ ಹೊತ್ತಿಗೆ ಆನೆಗಳು ಬರುತ್ತವೆ. ಬನ್ನೇರುಘಟ್ಟದ ಕಾಡಿನಿಂದ ಹಿಂಡು ಹಿಂಡಾಗಿ ಹೊರಟು, ಜವಳಗಿರಿ ಕಾಡು ದಾಟಿ, ತಳಿ, ಡೆಂಕಣಿಕೋಟೆ, ಸಾನಮಾವು ಕಡೆ ಹೋಗುತ್ತವೆ. ಕೊಯ್ಲು ಮುಗಿಯುವವರೆಗೆ ಈ ಕಡೆಯೇ ಸುತ್ತಾಡುತ್ತವೆ. ನಮ್ಮ ತಾತಂದಿರ ಕಾಲದಿಂದಲೂ ಅವುಗಳ ದಾರಿ ಇದೇ. ಹೊಸೂರು ವಿಭಾಗದ ಕಾಡಿನ ದೊಡ್ಡ ಪಾಲನ್ನು 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿಧಾಮ ಅಂತ ಘೋಷಿಸಿದರು. ಆನೆಗೆ ಆ ಬೋರ್ಡು ಓದಲು ಬರುವುದಿಲ್ಲ, ರಾಗಿಯ ವಾಸನೆ ಮಾತ್ರ ಚೆನ್ನಾಗಿ ಗೊತ್ತು. ಒಂದು ರಾತ್ರಿ ನಾಲ್ಕು ಆನೆ ಹೊಲಕ್ಕೆ ಇಳಿದರೆ ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು. ಹಾಗಾಗಿ ಆಗಮನ ಕಾಲದ ನಾಲ್ಕೂ ವಾರ ನಮ್ಮ ಅಪ್ಪಂದಿರು, ಚಿಕ್ಕಪ್ಪಂದಿರು ಅಟ್ಟಣೆ ಮೇಲೆ ಕಾವಲು ಕೂರುತ್ತಾರೆ. ಕಂಬಳಿ, ಟಾರ್ಚು, ಪಟಾಕಿ, ಒಂದು ಫ್ಲಾಸ್ಕ್ ಟೀ.

ಮೂರು ವರ್ಷದ ಹಿಂದಿನ ಆ ಡಿಸೆಂಬರ್‌ನಲ್ಲೇ ಇದು ನಡೆದದ್ದು. ಕ್ಯಾರಲ್‌ನ ಮೂರನೆಯ ರಾತ್ರಿ. ಊರಾಚೆ ಹೊಲದ ಅಂಚಿನಲ್ಲಿರುವ ನಾಲ್ಕೈದು ಮನೆಗಳ ಕಡೆ ಹೋಗುತ್ತಿದ್ದೆವು. ಒಟ್ಟು ಹದಿನೆಂಟು ಜನ, ಡೋಲು, ಗಿಟಾರು, ಟ್ರ್ಯಾಕ್ಟರ್ ಬ್ಯಾಟರಿಗೆ ಕಟ್ಟಿದ ಸ್ಪೀಕರ್. ಒಂದೊಂದು ಮನೆಗೆ ಹತ್ತು ನಿಮಿಷ ಅಂತ ಲೆಕ್ಕ. ಹಾಡು, ಪ್ರಾರ್ಥನೆ, ತಾತನ ಕುಣಿತ, ಡಬ್ಬ, ಫೋಟೋ, ಮುಂದಿನ ಮನೆ. ದೂರದಿಂದಲೇ ಆ ಚಿಕ್ಕಪ್ಪನ ಮನೆಯ ಜಗುಲಿಯಲ್ಲಿ ಬಲ್ಬು ಉರಿಯುವುದು ಕಾಣುತ್ತಿತ್ತು. ನಮ್ಮಲ್ಲಿ ಒಬ್ಬ ಡೋಲು ಬಾರಿಸಿದ. ಬಲ್ಬು ಆರಿತು.

ಕರೆಂಟು ಹೋಯಿತು ಅಂದುಕೊಂಡೆವು. ಹಿಂದೆ ತಿರುಗಿ ನೋಡಿದರೆ ಊರಿನಲ್ಲೆಲ್ಲ ದೀಪ ಇದೆ.

ಬಾಗಿಲ ಹತ್ತಿರ ಹೋದೆವು. ಒಳಗೆ ಒಂದು ಮಗು ಏನೋ ಕೇಳಿತು, ಯಾರೋ ಅದರ ಬಾಯಿಗೆ ಕೈ ಇಟ್ಟ ಹಾಗೆ ಅರ್ಧಕ್ಕೇ ನಿಂತಿತು. ನಾವು ಹದಿನೆಂಟು ಜನ ಹೊಳೆಯುವ ಟೋಪಿ ಹಾಕಿಕೊಂಡು ಆ ಕತ್ತಲ ಜಗುಲಿ ಮುಂದೆ ನಿಂತಿದ್ದೆವು. ಯಾರೂ ಬಾಗಿಲು ತಟ್ಟಲಿಲ್ಲ. ಹಾಡಲೂ ಇಲ್ಲ. ತಾತನ ವೇಷದಲ್ಲಿದ್ದವನು ಮುಖವಾಡ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ವಾಪಸು ಬಂದೆವು. ನೋಟ್‌ಬುಕ್ ಹಿಡಿದಿದ್ದವನು ಆ ಮನೆಯ ಸಾಲಿನಲ್ಲಿ "ಬೀಗ" ಅಂತ ಬರೆದ. ಅದು ಸುಳ್ಳು ಅಂತ ನಮಗೆಲ್ಲ ಗೊತ್ತಿತ್ತು.

ಆ ಚಿಕ್ಕಪ್ಪನ ಎರಡು ಎಕರೆ ರಾಗಿಯನ್ನು ಆನೆ ತುಳಿದು ಹದಿನೈದು ದಿನವೂ ಆಗಿರಲಿಲ್ಲ. ಊರಿಗೆಲ್ಲ ಗೊತ್ತಿದ್ದ ವಿಷಯ. ನಮ್ಮಲ್ಲೇ ಇಬ್ಬರು ಬೆಳಗ್ಗೆ ಹೋಗಿ ನೋಡಿ, ಫೋನಿನಲ್ಲಿ ಫೋಟೋ ತೆಗೆದು ಗ್ರೂಪಿಗೆ ಹಾಕಿದ್ದರು. ಹಾಗಿದ್ದೂ ರಾತ್ರಿ ಡಬ್ಬ ಹಿಡಿದುಕೊಂಡು ಅದೇ ಮನೆಗೆ ಹೋದೆವು. ಕೆಟ್ಟ ಮನಸ್ಸಿನಿಂದ ಅಲ್ಲ. ಪಟ್ಟಿಯಲ್ಲಿ ಇತ್ತು, ಹೋದೆವು. ಯೋಚಿಸಿದರೆ ಇದೇ ಹೆಚ್ಚು ನಾಚಿಕೆಯ ಮಾತು.

ಪಕ್ಕದ ಮನೆಯವರು ಐನೂರು ಕೊಟ್ಟರೆ ನಾವು ನೂರು ಹೇಗೆ ಕೊಡುವುದು ಅನ್ನುವ ಸಂಕಟ ಎಷ್ಟು ಮನೆಗಳಲ್ಲಿ ಇತ್ತೋ. ಪೂಜೆಯ ಕೊನೆಯಲ್ಲಿ ಒಟ್ಟು ಮೊತ್ತವನ್ನು ಮೈಕಿನಲ್ಲಿ ಹೇಳಿ ಚಪ್ಪಾಳೆ ತಟ್ಟಿಸಿಕೊಳ್ಳುತ್ತಿದ್ದೆವು. ಆ ವರ್ಷವೂ ತಟ್ಟಿಸಿಕೊಂಡೆವು.

ಮರುವರ್ಷ ಆಗಮನ ಕಾಲದ ಮೂರನೆಯ ಭಾನುವಾರ. ಮೂರು ನೇರಳೆ ಮೇಣದಬತ್ತಿಗಳ ನಡುವೆ ಒಂದು ಗುಲಾಬಿ ಬಣ್ಣದ್ದು ಇರುತ್ತದಲ್ಲ, ಅದನ್ನು ಹಚ್ಚುವ ದಿನ. ಲತೀನಿನಲ್ಲಿ ಆ ಭಾನುವಾರಕ್ಕೆ ಗೌದೇತೆ ಅಂತ ಹೆಸರು, ಸಂತೋಷಪಡಿ ಅಂತ ಅರ್ಥ. ಫಿಲಿಪ್ಪಿಯರಿಗೆ ಸಂತ ಪೌಲರು ಬರೆದ ಪತ್ರದ ನಾಲ್ಕನೆಯ ಅಧ್ಯಾಯದಿಂದ ಬಂದದ್ದು. ಸಂಜೆ ಫಾದರ್ ನಮ್ಮ ಜೊತೆ ಕೂತಿದ್ದರು. ನಮ್ಮಲ್ಲಿ ಒಬ್ಬಳು ಕೇಳಿಯೇಬಿಟ್ಟಳು: "ಫಾದರ್, ಸಂತೋಷಪಡಿ ಅನ್ನೋದು ಆರ್ಡರ್ ಅಲ್ವಾ? ಆರ್ಡರ್ ಮಾಡಿದ್ರೆ ಸಂತೋಷ ಬರುತ್ತಾ? ಕ್ರಿಸ್ಮಸ್ ಪೂಜೆ ಕಡ್ಡಾಯ, ಬರದಿದ್ರೆ ಪಾಪ ಅಂತೀರ. ಇನ್ನು ಸಂತೋಷಾನೂ ಕಡ್ಡಾಯಾನಾ?"

ಫಾದರ್ ನಕ್ಕುಬಿಟ್ಟರು. ಎದ್ದು ಹೋಗಿ ಒಂದು ದಪ್ಪ ಪುಸ್ತಕ ತಂದರು, 1983ರ ಧರ್ಮಸಭೆಯ ಕಾನೂನು ಸಂಹಿತೆ. 1247ನೆಯ ವಿಧಿ ತೆಗೆದು ನಮಗೆ ಕನ್ನಡದಲ್ಲಿ ಬಿಡಿಸಿ ಹೇಳಿದರು. ಕಡ್ಡಾಯ ಹಬ್ಬದ ದಿನ ಪೂಜೆಗೆ ಬರಬೇಕು ಅನ್ನುವುದಷ್ಟೇ ನಮಗೆ ಗೊತ್ತಿದ್ದದ್ದು. ಅದೇ ವಿಧಿಯ ಉಳಿದರ್ಧ ಯಾರೂ ಓದಿರಲಿಲ್ಲ. ದೇವರ ಆರಾಧನೆಗೆ, ಆ ದಿನಕ್ಕೆ ಸಲ್ಲಬೇಕಾದ ಸಂತೋಷಕ್ಕೆ, ಮೈಮನಸ್ಸಿನ ವಿಶ್ರಾಂತಿಗೆ ಅಡ್ಡಿ ಮಾಡುವ ಕೆಲಸಗಳನ್ನು ಬಿಡಬೇಕು ಅಂತಲೂ ಅದರಲ್ಲಿದೆ. ಅಂದರೆ ನಮ್ಮ ಅಮ್ಮಂದಿರನ್ನು ಪೂಜೆಯಲ್ಲಿ ತೂಕಡಿಸುವ ಹಾಗೆ ದುಡಿಸುವ ಕಜ್ಜಾಯದ ಬಾಣಲೆಯೂ ಈ ವಿಧಿಯ ಕೆಳಗೆ ಬರುತ್ತದೆ ಅಂತ ನಾವು ಅರ್ಥ ಮಾಡಿಕೊಂಡೆವು. ಫಾದರ್ ಅಷ್ಟು ದೂರ ಹೋಗಲಿಲ್ಲ, ಅದು ನಮ್ಮ ವ್ಯಾಖ್ಯಾನ. ಆದರೆ ಪೌಲರು ಆ ಪತ್ರ ಬರೆಯುವಾಗ ಸೆರೆಮನೆಯಲ್ಲಿದ್ದರು ಅನ್ನುವುದನ್ನು ಮಾತ್ರ ಎರಡು ಸಲ ಹೇಳಿದರು.

ಆ ಸಂಜೆಯ ಮಾತು ಅಲ್ಲಿಗೇ ಮುಗಿದು ಎಲ್ಲರೂ ಎಂದಿನ ಹಾಗೆ ನೋಟ್‌ಬುಕ್ ತೆರೆಯುತ್ತಿದ್ದೆವೇನೋ. ತೆರೆಯಲು ಬಿಡದಿದ್ದದ್ದು ಆನೆಗಳು. ಎರಡು ದಿನ ಬಿಟ್ಟು ದೊಡ್ಡ ಹಿಂಡೊಂದು ನಮ್ಮ ಕಡೆಯ ಕಾಡಂಚಿಗೆ ಬಂದು ನಿಂತಿತು. ಅರಣ್ಯ ಇಲಾಖೆಯವರು ಜೀಪಿನಲ್ಲಿ ಬಂದು ಮೈಕಿನಲ್ಲಿ ಸಾರಿಹೋದರು: ಕತ್ತಲಾದ ಮೇಲೆ ಯಾರೂ ಹೊರಗೆ ಓಡಾಡಬಾರದು. ಕ್ಯಾರಲ್ ರದ್ದು. ಬಿಡುಗಡೆ ಸಿಕ್ಕ ಹಾಗೆ ನಮ್ಮಲ್ಲಿ ಕೆಲವರ ಮುಖ ಅರಳಿದ್ದನ್ನು ಬಚ್ಚಿಡುವುದು ಬೇಡ.

ಹಗಲು ಹೋದರೇನು ಅಂತ ಹೇಳಿದವಳು ಶಿಫ್ಟಿನ ಅಕ್ಕ. ಕೆಂಪು ಗುರುತಿನ ಅಕ್ಕ. ಅವಳಿಗೆ ಆ ವಾರ ರಾತ್ರಿ ಶಿಫ್ಟು, ಹಗಲು ಬಿಡುವು. "ಡಬ್ಬ ಬೇಡ. ಸ್ಪೀಕರ್ ಬೇಡ. ಡ್ರೆಸ್ ಬೇಡ. ಸುಮ್ನೆ ಹೋಗೋಣ. ಅವರು ಏನ್ ಕೆಲ್ಸ ಮಾಡ್ತಿದ್ರೆ ಅದಕ್ಕೆ ಒಂದು ಕೈ ಹಾಕೋಣ. ಹಾಡು ಬಂದ್ರೆ ಹಾಡೋಣ." ಡಬ್ಬ ಬೇಡ ಅಂದಾಗ ದೊಡ್ಡ ವಾಗ್ವಾದವೇ ಆಯಿತು. ಸೌಂಡಿನವನಿಗೆ ಮುಂಗಡ ಕೊಟ್ಟಾಗಿತ್ತು. ಹಿರಿಯರೊಬ್ಬರು ಬೇಸರ ಮಾಡಿಕೊಂಡು, ಸಂಪ್ರದಾಯ ಹಾಳು ಮಾಡುತ್ತಿದ್ದೀರಿ ಅಂದರು. ಅವರ ಬೇಸರ ಇವತ್ತಿಗೂ ಪೂರ್ತಿ ಹೋಗಿಲ್ಲ. ಅವರ ಮಾತಿನಲ್ಲೂ ನ್ಯಾಯವಿದೆ, ಆ ಹಣದಿಂದಲೇ ಹಿಂದೆ ಎಷ್ಟೋ ಮಕ್ಕಳಿಗೆ ಹೊಸ ಬಟ್ಟೆ ಸಿಕ್ಕಿತ್ತು. ಆ ವರ್ಷ ಅಷ್ಟು ಬಟ್ಟೆ ಕೊಡಲು ಆಗಲಿಲ್ಲ.

ಮೊದಲು ಹೋದದ್ದು ಒಬ್ಬ ಅಜ್ಜಿಯ ಮನೆಗೆ. ಅಜ್ಜಿ ಜಗುಲಿಯಲ್ಲಿ ನೆನೆಸಿದ ಅವರೆಕಾಳಿನ ಪಾತ್ರೆ ಮುಂದಿಟ್ಟುಕೊಂಡು ಹಿತುಕುತ್ತಿದ್ದರು. ಹಿತಕಿದ ಬೇಳೆ ಸಾರಿನ ಕಾಲ ಅದು. ಸೊಗಡಿನ ವಾಸನೆ ಬೀದಿಗೇ ಬರುತ್ತಿತ್ತು. ನಾವು ಹತ್ತು ಹನ್ನೆರಡು ಜನ ಪಾತ್ರೆಯ ಸುತ್ತ ಕೂತೆವು. ಹೆಬ್ಬೆರಳು ತೋರುಬೆರಳಿನ ನಡುವೆ ಕಾಳು ಹಿಡಿದು ಒತ್ತಿದರೆ ಬೇಳೆ ಸಿಪ್ಪೆಯಿಂದ ಹಾರಬೇಕು. ನಮ್ಮಲ್ಲಿ ಕೆಲವರ ಬೇಳೆ ಪಾತ್ರೆಗೆ ಬೀಳದೆ ಎದುರಿನವರ ಕಣ್ಣಿಗೆ ಹಾರಿತು. ಅಲ್ಲಿಂದ ಯುದ್ಧವೇ ಶುರುವಾಯಿತು. ಅಜ್ಜಿ ಬೈದು ಬೈದು ನಕ್ಕು ಕೆಮ್ಮು ಹತ್ತಿ, ನೀರು ಕುಡಿಸಬೇಕಾಯಿತು.

ಆಮೇಲೆ ಹಾಡಿ ಅಂದರು. ಅಭ್ಯಾಸ ಮಾಡಿದ್ದ ತಮಿಳು ಹಾಡು ಎತ್ತಿದೆವು. ಅಜ್ಜಿ ಕೇಳಿ, ಚೆನ್ನಾಗಿದೆ ಅಂತ ತಲೆಯಾಡಿಸಿ, ಆಮೇಲೆ ತಾವೇ ಒಂದು ಹಾಡು ಶುರು ಮಾಡಿದರು. ಕನ್ನಡದ್ದು. ಅಜ್ಜಿಯ ತವರು ಹಾರೋಬೆಲೆ, ಕಾಡಿನಾಚೆ ಕನಕಪುರದ ಕಡೆ. ಶುಭ ಶುಕ್ರವಾರದ ಮಹಿಮೆ ನಾಟಕಕ್ಕೆ ಹೆಸರಾದ ಊರು. ಅಲ್ಲಿಂದ ಮದುವೆಯಾಗಿ ಬರುವಾಗ ತಂದ ಹಾಡಂತೆ. ಮರಿಯಮ್ಮನವರು ಬಸುರಿ, ಸೂಸೆಯಪ್ಪನವರಿಗೆ ಚಿಂತೆ, ಯಾವ ಮನೆಯಲ್ಲೂ ಜಾಗವಿಲ್ಲ. ಹಾಡಿನಲ್ಲಿ ಒಂದೊಂದು ಮನೆಯ ಬಾಗಿಲೂ ಬರುತ್ತದೆ. ಐವತ್ತು ವರ್ಷದಿಂದ ಈ ಊರಿನಲ್ಲಿದ್ದಾರೆ, ಆ ಹಾಡನ್ನು ಯಾರೂ ಕೇಳಿರಲಿಲ್ಲ. ನಾವು ವರ್ಷವರ್ಷ ಹತ್ತು ನಿಮಿಷಕ್ಕೆ ಬಂದು ಹೋಗುತ್ತಿದ್ದೆವಲ್ಲ, ಅಜ್ಜಿಗೆ ಬಾಯಿ ತೆರೆಯಲು ಹೊತ್ತೆಲ್ಲಿ ಇತ್ತು? ಅವತ್ತು ಒಂದೇ ಮನೆಯಲ್ಲಿ ಮೂರು ಗಂಟೆ ಕೂತೆವು. ನೋಟ್‌ಬುಕ್ಕಿನ ಲೆಕ್ಕದಲ್ಲಿ ಹದಿನೆಂಟು ಮನೆ ನಷ್ಟ.

ಗೋದಲಿಯ ಕಥೆಯೂ ಅದೇ ವಾರದ್ದು. ಸೌಂಡಿಗೆ, ಲೈಟಿಗೆ ದುಡ್ಡಿಲ್ಲದ್ದರಿಂದ ಹೊಸೂರಿನಿಂದ ಏನೂ ತರಲಿಲ್ಲ. ರಾಗಿ ಹುಲ್ಲು, ಕಾಡಂಚಿನ ಬಿದಿರು, ಯಾರದ್ದೋ ಮನೆಯ ಹಳೆಯ ಗೋಣಿಚೀಲ. 1223ರಲ್ಲಿ ಇಟಲಿಯ ಗ್ರೆಚ್ಚೊ ಊರಿನಲ್ಲಿ ಸಂತ ಫ್ರಾನ್ಸಿಸ್ ಅಸ್ಸೀಸಿಯವರು ಮಾಡಿಸಿದ ಗೋದಲಿಯಲ್ಲೂ ಗೊಂಬೆಗಳಿರಲಿಲ್ಲ, ಹುಲ್ಲು ತುಂಬಿದ ಕೊಟ್ಟಿಗೆ, ನಿಜವಾದ ಎತ್ತು, ಕತ್ತೆ ಅಷ್ಟೇ ಅಂತ ಫಾದರ್ ಹೇಳಿದರು. ಗೋದಲಿಯ ಬಗ್ಗೆ ಪೋಪ್ ಫ್ರಾನ್ಸಿಸ್ ಒಂದು ಪತ್ರ ಬರೆದು, 2019ರ ಡಿಸೆಂಬರ್ 1ರಂದು ಅದೇ ಊರಿಗೆ ಹೋಗಿ ಸಹಿ ಹಾಕಿದರಂತೆ. ಅಷ್ಟು ಕೇಳಿದ್ದೇ ತಡ, ನಮ್ಮಲ್ಲಿ ಒಬ್ಬ ತನ್ನ ಮನೆಯ ಕರುವನ್ನು ಹಿಡಿದುಕೊಂಡು ಬಂದ. ಕರು ಒಂದು ಗಂಟೆಯಲ್ಲಿ ಗೋದಲಿಯ ಛಾವಣಿಯನ್ನು ಅರ್ಧ ತಿಂದು ಮುಗಿಸಿತು. ಊರಿನ ಮಕ್ಕಳೆಲ್ಲ ಗೋದಲಿ ನೋಡಲು ಅಲ್ಲ, ಕರು ಮುಂದೆ ಏನು ತಿನ್ನುತ್ತದೆ ಅಂತ ನೋಡಲು ನಿಂತಿದ್ದರು. ಹಿಂದಿನ ಯಾವ ವರ್ಷವೂ ಅಷ್ಟು ಮಕ್ಕಳು ಗೋದಲಿ ಮುಂದೆ ಅಷ್ಟು ಹೊತ್ತು ನಿಂತದ್ದಿಲ್ಲ.

ಬಲ್ಬು ಆರಿಸಿದ ಮನೆಗೆ ಹೋಗಲು ನಮಗೆ ಧೈರ್ಯ ಬಂದದ್ದು 23ನೇ ತಾರೀಖು. ಚಿಕ್ಕಮ್ಮ ಮೆದೆಯ ಹತ್ತಿರ ಇದ್ದರು. ನಮ್ಮನ್ನು ನೋಡಿ ಸೆರಗು ಸರಿಮಾಡಿಕೊಂಡು ಒಂದು ಕ್ಷಣ ಮನೆಯ ಕಡೆ ನೋಡಿದರು. ನಮ್ಮ ಕೈಯಲ್ಲಿ ಡಬ್ಬ ಇಲ್ಲ ಅಂತ ಕಂಡ ಮೇಲೆ, "ಬನ್ರಪ್ಪಾ" ಅಂದರು. ಹೋದ ವರ್ಷದ ಮಾತು ಯಾರೂ ಎತ್ತಲಿಲ್ಲ. ಉಳಿದಿದ್ದ ಕಟ್ಟುಗಳನ್ನು ಹೊತ್ತು ಮೆದೆ ಹಾಕಿದೆವು. ನಮ್ಮ ಫ್ಯಾಕ್ಟರಿ ಹುಡುಗರ ಕೈಯೆಲ್ಲ ಗೀರಿಹೋಗಿ, ಚಿಕ್ಕಮ್ಮ ಹರಳೆಣ್ಣೆ ಹಚ್ಚಿಕೊಟ್ಟರು.

ಚಿಕ್ಕಪ್ಪ ಅಟ್ಟಣೆಯಿಂದ ಇಳಿದು ಬಂದರು. ನಾಳೆ ರಾತ್ರಿ ಪೂಜೆಗೆ ಬರ್ತೀರಾ ಅಂತ ನಮ್ಮಲ್ಲಿ ಒಬ್ಬ ಸುಮ್ಮನೆ ಮಾತಿಗೆ ಕೇಳಿದ. ಅವರು ನೆಲ ನೋಡಿದರು. "ಎಲ್ಲಿ ಬರೋದು? ನಾಲ್ಕು ವರ್ಷ ಆಯ್ತು ನಾನು ಕ್ರಿಸ್ಮಸ್ ರಾತ್ರಿ ಚರ್ಚಿನೊಳಗೆ ಕಾಲಿಟ್ಟು. ಒಂದು ರಾತ್ರಿ ಇಳಿದು ಹೋದ್ರೆ ವರ್ಷದ ಅನ್ನ ಹೋಗುತ್ತೆ. ಇಲ್ಲೇ ಕೂತು ಗಂಟೆ ಶಬ್ದ ಕೇಳ್ತೀನಿ. ಪಾಪ ಅಂತ ಗೊತ್ತು. ಪಾಪನಿವೇದನೇಲಿ ಹೇಳೋಕೂ ನಾಚ್ಕೆ. ಮುಂದಿನ ವರ್ಷಾನೂ ಇದೇ ಮಾಡ್ತೀನಲ್ಲ."

ನಮಗೆ ಹಬ್ಬ ಒಂದು ಶಿಫ್ಟಾಗಿತ್ತು. ಅವರಿಗೆ ನಾಲ್ಕು ವರ್ಷದಿಂದ ಅದು ಒಂದು ಅಪರಾಧವಾಗಿತ್ತು.

ಫಾದರ್ ಹತ್ತಿರ ಓಡಿದೆವು. ಗಂಭೀರ ಕಾರಣವಿದ್ದರೆ ಆ ಕಟ್ಟು ಬಾಧಿಸುವುದಿಲ್ಲ, ಕಾಯಿಲೆಯವರು, ಹಸುಗೂಸು ನೋಡಿಕೊಳ್ಳುವವರು, ಕಾವಲಿನವರು ಪಾಪಿಗಳಲ್ಲ ಅಂದರು. ರಾತ್ರಿಯದ್ದು ತಪ್ಪಿದರೆ 24ರ ಸಂಜೆಯದ್ದೂ ಆಗುತ್ತದೆ, 25ರ ಬೆಳಗಿನದ್ದೂ ಆಗುತ್ತದೆ. ಏನೂ ಆಗದಿದ್ದರೆ ಇದ್ದಲ್ಲೇ ಮನೆಯವರ ಜೊತೆ ಪ್ರಾರ್ಥನೆ ಮಾಡಿ ಅಂತ ಮುಂದಿನ 1248ನೆಯ ವಿಧಿ ಹೇಳುತ್ತದೆ. ಇಷ್ಟನ್ನು ಅವರಿಗೆ ಯಾರೂ ಹೇಳಿರಲಿಲ್ಲವಾ ಅಂತ ಫಾದರ್ ತಮ್ಮನ್ನೇ ಕೇಳಿಕೊಂಡ ಹಾಗೆ ಕೇಳಿದರು. ಆಮೇಲೆ, "ಸಂತ ಲೂಕರ ಶುಭಸಂದೇಶದಲ್ಲಿ ಸುದ್ದಿ ಮೊದಲು ಸಿಕ್ಕಿದ್ದು ಯಾರಿಗೆ ಹೇಳಿ? ಹೊಲದಲ್ಲಿ ರಾತ್ರಿ ಕಾವಲಿದ್ದವರಿಗೆ ತಾನೆ?" ಅಂದರು. ಎಷ್ಟು ಸಲ ನಾಟಕ ಮಾಡಿದ್ದೇವೆ, ತಲೆಗೆ ಟವೆಲ್ ಸುತ್ತಿ ಕುರುಬರಾಗಿದ್ದೇವೆ, ಅವರು ನೈಟ್ ಡ್ಯೂಟಿಯವರು ಅಂತ ನಮಗೆ ಹೊಳೆದಿರಲಿಲ್ಲ. ಕ್ರಿಸ್ಮಸ್ಸಿನ ಮುಂಜಾನೆಯ ಪೂಜೆಗೆ ಕುರುಬರ ಪೂಜೆ ಅಂತ ಹಳೆಯ ಹೆಸರೇ ಇದೆಯಂತೆ, ಅವತ್ತು ಓದುವುದು ಅವರು ಬೆತ್ಲೆಹೇಮಿಗೆ ಓಡಿದ ಭಾಗ.

"ಅವರು ಓಡಿಹೋದಾಗ ಕುರಿ ಯಾರು ನೋಡ್ಕೊಂಡ್ರು ಫಾದರ್?" ಅಂತ ನಮ್ಮ ಕರುವಿನ ಹುಡುಗ ಕೇಳಿದ. ತಮಾಷೆಗೆ ಕೇಳಿದ್ದು. ಆದರೆ ಕೇಳಿದ ಮೇಲೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

24ರ ರಾತ್ರಿ ನಮ್ಮಲ್ಲಿ ನಾಲ್ವರು ಚಿಕ್ಕಪ್ಪನ ಅಟ್ಟಣೆ ಮೇಲಿದ್ದರು. ಪಕ್ಕದ ಹೊಲದ ಹಿರಿಯರೊಬ್ಬರು, ಅವರು ನಮ್ಮವರಲ್ಲ, ಮಾದಪ್ಪನ ಒಕ್ಕಲು, ಜೊತೆಗೆ ಕೂರುತ್ತೇನೆ ಅಂದ ಮೇಲೇ ಮನೆಯವರು ಬಿಟ್ಟದ್ದು. ಉಳಿದ ನಾವು ಚಿಕ್ಕಪ್ಪ, ಚಿಕ್ಕಮ್ಮ, ಮಕ್ಕಳನ್ನು ಕತ್ತಲಾಗುವ ಮೊದಲೇ ಟ್ರ್ಯಾಕ್ಟರ್‌ನಲ್ಲಿ ಚರ್ಚಿಗೆ ಕರೆದುತಂದೆವು. ಚಿಕ್ಕಪ್ಪ ಮೊದಮೊದಲು ಬಾಗಿಲ ಹತ್ತಿರವೇ ನಿಂತಿದ್ದರು, ಯಾವ ಕ್ಷಣ ಬೇಕಾದರೂ ಓಡುವವರ ಹಾಗೆ. ಬಾಲಯೇಸುವನ್ನು ಗೋದಲಿಯಲ್ಲಿ ಇಡುವ ಹೊತ್ತಿಗೆ ಮುಂದೆ ಬಂದಿದ್ದರು. ಅಜ್ಜಿಯ ಹಾರೋಬೆಲೆ ಹಾಡನ್ನು ನಾವು ಪರಮ ಪ್ರಸಾದದ ಹೊತ್ತಿಗೆ ಹಾಡಿದೆವು. ಎರಡನೆಯ ಚರಣ ಮರೆತೇಹೋಗಿ, ಅಜ್ಜಿಯೇ ಕೂತಲ್ಲಿಂದ ಎತ್ತಿಕೊಟ್ಟರು. ಅಷ್ಟು ದೊಡ್ಡದಾಗಿ ಹಾಡಬಹುದು ಅಂತ ಅಜ್ಜಿಗೂ ಗೊತ್ತಿರಲಿಲ್ಲ ಅನಿಸುತ್ತದೆ.

ಅಟ್ಟಣೆಯ ನಾಲ್ವರು ಹೇಳಿದ್ದನ್ನೂ ಬರೆಯಬೇಕು, ಅವರೂ ನಾವೇ. ಚಳಿಗೆ ಹಲ್ಲು ಕಟಕಟ. ಮಧ್ಯರಾತ್ರಿಗೆ ಕಾಡಿನ ಕಡೆ ಕೊಂಬೆ ಮುರಿದ ಸದ್ದು. ಉಸಿರು ಬಿಗಿಹಿಡಿದು ಕೂತೆವು. ಟಾರ್ಚಿನ ಬೆಳಕಿಗೆ ಏನೂ ಕಾಣಲಿಲ್ಲ. ಮತ್ತೆ ಒಂದು ಸದ್ದು, ಆಮೇಲೆ ದೂರ. ಅಷ್ಟರಲ್ಲಿ ಚರ್ಚಿನ ಗಂಟೆ ಕೇಳಿತು. ಹೊಲದ ಮೇಲೆ ಹಾದು ಬರುವಾಗ ಅದರ ಸದ್ದೇ ಬೇರೆ, ಚರ್ಚಿನೊಳಗೆ ನಿಂತವರಿಗೆ ಅದು ಹಾಗೆ ಕೇಳುವುದಿಲ್ಲ. ನಾಲ್ಕು ವರ್ಷ ಚಿಕ್ಕಪ್ಪ ಕೇಳಿದ್ದು ಇದನ್ನೇ. ಮಾದಪ್ಪನ ಒಕ್ಕಲಿನ ಹಿರಿಯರು, "ಹುಟ್ಟಿದ್ನೇನ್ರಪ್ಪಾ ನಿಮ್ ಮಗು?" ಅಂದರು. "ಹುಟ್ಟಿದ ತಾತಾ" ಅಂದೆವು. ಅವರು ಫ್ಲಾಸ್ಕಿನಿಂದ ಎಲ್ಲರಿಗೂ ಟೀ ಬಗ್ಗಿಸಿದರು. ಆ ಗಳಿಗೆಯಲ್ಲಿ ಆದ ಸಂತೋಷವನ್ನು ಹೇಗೆ ಬರೆಯುವುದು ಅಂತ ನಮ್ಮ ನಾಲ್ವರಲ್ಲಿ ಯಾರಿಗೂ ಗೊತ್ತಿಲ್ಲ. ಅವತ್ತು ಅಲ್ಲಿರಲೇಬೇಕು ಅಂತ ಯಾರೂ ಹೇಳಿರಲಿಲ್ಲ, ಕೆಂಪು ಗುರುತಿನ ಭಯ ಇರಲಿಲ್ಲ, ಫೋಟೋ ತೆಗೆಯುವಷ್ಟು ಬೆಳಕೂ ಇರಲಿಲ್ಲ.

ಬೆಳಗಾಗುತ್ತಿದ್ದ ಹಾಗೆ ಚಿಕ್ಕಪ್ಪ ಬಂದರು. ಚರ್ಚಿನಲ್ಲಿ ಕೊಟ್ಟಿದ್ದ ತಮ್ಮ ಪಾಲಿನ ಕೇಕನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು, ಅದನ್ನು ಐದು ತುಂಡು ಮಾಡಿದರು. ನಾವು ಹಾಗೇ ಮುಂಜಾನೆಯ ಪೂಜೆಗೆ ಓಡಿದೆವು, ತಲೆಯಲ್ಲಿ ರಾಗಿ ಹುಲ್ಲು ಸಮೇತ.

ಶಿಫ್ಟಿನ ಅಕ್ಕ ಅವತ್ತು ಯಾವ ಪೂಜೆಗೂ ಬರಲು ಆಗಲಿಲ್ಲ. 25ಕ್ಕೂ ಅವಳಿಗೆ ಡ್ಯೂಟಿ ಬಿದ್ದಿತ್ತು. ಕಂಪನಿ ಬಸ್ಸಿನಿಂದ ವಿಡಿಯೋ ಕಾಲ್ ಮಾಡಿದಳು. ಕರು ತೋರಿಸಿ ಅಂದಳು, ತೋರಿಸಿದೆವು. ಆಮೇಲೆ ಸುಮ್ಮನಾದಳು. ಅವಳ ಕಣ್ಣಲ್ಲಿ ನೀರಿತ್ತು ಅಂತ ಒಬ್ಬರು ಅಂದರು, ನೆಟ್‌ವರ್ಕ್ ಸರಿ ಇರಲಿಲ್ಲ ಅಂತ ಇನ್ನೊಬ್ಬರು ಅಂದರು. ಎಲ್ಲರಿಗೂ ಹಬ್ಬ ಸಿಗುವ ಹಾಗೆ ಮಾಡುವುದು ನಮ್ಮ ಕೈಲಿಲ್ಲ. ಹಿಂದಿನ ವರ್ಷದ ಪುಟ ತೆಗೆದು ಅವಳ ಹೆಸರಿನ ಮುಂದಿನ ಕೆಂಪು ಗುರುತಿನ ಮೇಲೆ ಬಿಳಿ ಇಂಕು ಹಚ್ಚಿದೆವು. ಅದೂ ಸರಿಯಾಗಿ ಮುಚ್ಚಿಲ್ಲ.

ಈ ವರ್ಷ ಮತ್ತೆ ನೋಟ್‌ಬುಕ್ ತೆರೆದಿದ್ದೇವೆ. ಪಟ್ಟಿಯೇ ಬೇಡ ಅಂತ ಅಲ್ಲ. ಪಟ್ಟಿ ಇಲ್ಲದಿದ್ದರೆ ಯಾವ ಅಜ್ಜಿ ಒಬ್ಬರೇ ಇದ್ದಾರೆ, ಯಾರ ಮೆದೆ ಇನ್ನೂ ಹಾಕಿಲ್ಲ ಅಂತ ಮರೆತುಹೋಗುತ್ತದೆ. ನಾಲ್ಕನೆಯ ಕಾಲಂನ ತಲೆಬರಹ ಮಾತ್ರ ಹೊಡೆದು ಹಾಕಿದ್ದೇವೆ. ಬಟ್ಟೆಯ ಹಣಕ್ಕೆ ಚರ್ಚಿನ ಬಾಗಿಲಲ್ಲಿ ಒಂದು ಮುಚ್ಚಿದ ಡಬ್ಬ ಇಟ್ಟಿದೆ, ಇದ್ದವರು ಹಾಕಲಿ, ಮೈಕಿನಲ್ಲಿ ಏನೂ ಹೇಳುವುದಿಲ್ಲ. ಕರುವಿನ ಬಗ್ಗೆ ಚರ್ಚೆ ನಡೆಯುತ್ತಿದೆ, ಅದೀಗ ಹೋರಿಯಾಗಿದೆ.

24ರ ರಾತ್ರಿ ಕಾವಲಿಗೆ ಇಬ್ಬರು ಹೆಸರು ಕೊಟ್ಟಿದ್ದಾರೆ. ಇನ್ನಿಬ್ಬರು ಬೇಕು. ಮನೆಯವರ ಒಪ್ಪಿಗೆ ಕೇಳಿಕೊಂಡು ಬನ್ನಿ, ಸ್ವೆಟರ್ ಮರೆಯಬೇಡಿ. ಪಕ್ಕದ ಹೊಲದ ತಾತ ಈ ಸಲವೂ ಕೂರುತ್ತಾರಂತೆ, ಟೀ ಅವರದ್ದೇ.